ಮಾಯುತ್ತಲೇ ಇರುವ ಗಾಯ

ದೀಪಾವಳಿ ಕಳೆದು ಅಡಿಕೆಯ ಕೊನೆ ಕೊಯ್ಲು ಶುರುವಾಯಿತೆಂದರೆ ಕೊಪ್ಪ ತಾಲ್ಲೂಕಿನ ಭಂಡಿಗಡಿಯಿಂದ ಹಿಡಿದು ಶೃಂಗೇರಿ, ನರಸಿಂಹರಾಜಪುರದ ಕಡೆಯ ತೋಟದ ಮನೆಗಳವರೆಗೆ ಅಂಗಳದಲ್ಲಿ ಮೆಟ್ಟುಗತ್ತಿಗಳು ಸಾಲಾಗಿ ಕೂರುತ್ತವೆ. ಸುಲಿಯುವ ಯಂತ್ರ ಬಂದು ಎಷ್ಟೋ ವರ್ಷವಾಯಿತು. ಆದರೂ ಮೆಟ್ಟುಗತ್ತಿ ಮಲೆನಾಡು ಬಿಟ್ಟು ಹೋಗಿಲ್ಲ. ಹಲಗೆಯನ್ನು ಕಾಲಲ್ಲಿ ಮೆಟ್ಟಿ ಕೂತು, ಹಸಿ ಕಾಯಿಯನ್ನು ಕತ್ತಿಗೆ ಒತ್ತಿ ತಿರುಚಿದರೆ ಸಿಪ್ಪೆ ಬಿಡುತ್ತದೆ. ಸುಲಿದಷ್ಟಕ್ಕೇ ಕೂಲಿಯಾದ್ದರಿಂದ ಕೈ ಓಡುತ್ತಲೇ ಇರುತ್ತದೆ, ಮಾತೂ ಓಡುತ್ತಿರುತ್ತದೆ. ಹೆಬ್ಬೆರಳನ್ನು ಒಮ್ಮೆಯಾದರೂ ಕತ್ತಿಗೆ ಕೊಡದೆ ಸುಗ್ಗಿ ಮುಗಿಸಿದವರು ಕಡಿಮೆ.

ಕುಯ್ದ ಬೆರಳಿಗೆ ಕಾಫಿಪುಡಿ ಒತ್ತುವವರಿದ್ದಾರೆ. ಅರಿಶಿನ ಮೆತ್ತುವವರಿದ್ದಾರೆ. ಬೇಲಿಬದಿಯಲ್ಲಿ ಬೇಡವೆಂದರೂ ಬೆಳೆಯುವ ಕಮ್ಯುನಿಸ್ಟ್ ಗಿಡದ ಎಲೆ ಹಿಂಡಿ ಎರಡು ಹನಿ ರಸ ಬಿಡುವವರೂ ಇದ್ದಾರೆ. ಬಟ್ಟೆಚೂರು ಸುತ್ತಿಕೊಂಡು ಮತ್ತೆ ಕತ್ತಿಯ ಮುಂದೆ ಕೂತರೆ ಮುಗಿಯಿತು. ಒಂದೆರಡು ವಾರದಲ್ಲಿ ಬೆರಳು ಮೊದಲಿನಂತೆ.

ಸುಲಿಯಲು ಕೂತವರ ದವಡೆಯಲ್ಲಿ ಅಡಿಕೆ ಹೋಳೊಂದು ಇದ್ದೇ ಇರುತ್ತದೆ. ಆ ಹೋಳಿಗೂ ಬೆರಳಿನ ಗಾಯಕ್ಕೂ ಹತ್ತಿರದ ನಂಟಿದೆ ಎಂದರೆ ಅಂಗಳದಲ್ಲಿ ಯಾರಾದರೂ ನಕ್ಕಾರು. ನಂಟಿದೆ. ಅದರ ಒಂದು ದೊಡ್ಡ ಭಾಗವನ್ನು ಬಿಡಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಆದರೆ ಬಾಯಿಯ ವಿಚಾರಕ್ಕೆ ಹೋಗುವ ಮೊದಲು ಬೆರಳಿನೊಳಗೆ ಏನಾಗುತ್ತದೆ ಎಂಬುದನ್ನು ನೋಡಬೇಕು.

ನಮ್ಮ ಮೈಮೇಲಿನ ಹೊರಚರ್ಮ ತೀರ ತೆಳು. ಹೆಚ್ಚಿನ ಕಡೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದರ ಬಹುಪಾಲು ಕೆರಟಿನೊಸೈಟ್ ಎಂಬ ಕೋಶಗಳದ್ದು. ಇವು ಮೈಗೆ ಹೊದಿಕೆ ಮಾತ್ರ ಎಂದು ಬಹುಕಾಲ ತಿಳಿದಿದ್ದರು. ಆದರೆ ಈ ಕೋಶಗಳು ಇಂಟರ್‌ಲ್ಯೂಕಿನ್-1 ಎಂಬ ಸಣ್ಣ ಪ್ರೋಟೀನನ್ನು ಮೊದಲೇ ತಯಾರಿಸಿ ಒಳಗೆ ಇಟ್ಟುಕೊಂಡಿರುತ್ತವೆ. ಕತ್ತಿ ತಗುಲಿ ಕೋಶ ಒಡೆದರೆ ಆ ದಾಸ್ತಾನು ಹೊರಗೆ ಸುರಿಯುತ್ತದೆ. ಹೊಸದಾಗಿ ಏನನ್ನೂ ತಯಾರಿಸಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಸಾಯುವ ಕೋಶದ ಕೊನೆಯ ಕೆಲಸವೇ ಸುದ್ದಿ ಮುಟ್ಟಿಸುವುದು.

ಹೀಗೆ ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯುವ ಪ್ರೋಟೀನುಗಳಿಗೆ ಸೈಟೊಕೈನ್ ಎಂದು ಹೆಸರು. ಫೋನಿಲ್ಲದ ಕಾಲದಲ್ಲಿ ತೋಟದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕೂ ಹಾಕಿ ಕರೆಯುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ವ್ಯವಸ್ಥೆ. ಬಹಳ ದೂರ ಮುಟ್ಟುವುದಿಲ್ಲ, ಹತ್ತಿರದವರಿಗೆ ತಪ್ಪುವುದಿಲ್ಲ, ಆ ಕೂಗು ಯಾರದೆಂದು ಗುರುತು ಇದ್ದವರು ಮಾತ್ರ ಓಗೊಡುತ್ತಾರೆ. ಕೋಶದ ಮೈಮೇಲೆ ಆಯಾ ಸೈಟೊಕೈನಿಗೆ ಹೊಂದುವ ಗ್ರಾಹಕ ಇದ್ದರೆ ಕೇಳಿಸಿತು, ಇಲ್ಲದಿದ್ದರೆ ಇಲ್ಲ.

ಇತ್ತ ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ತಮ್ಮ ಚೀಲ ಬಿಚ್ಚುತ್ತವೆ. ಅದರಲ್ಲಿರುವ ಪಿಡಿಜಿಎಫ್, ಟಿಜಿಎಫ್-ಬೀಟಾ ಮೊದಲಾದವೂ ಕರೆ ಕಳಿಸುವವೇ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ. ಎರಡು ಮೂರು ದಿನದ ಹೊತ್ತಿಗೆ ಸತ್ತ ಕಸ ನುಂಗುವ ಮ್ಯಾಕ್ರೊಫೇಜ್‌ಗಳದ್ದೇ ಕಾರುಬಾರು. ಬೆರಳು ಕೆಂಪಾಗಿ, ಬಿಸಿಯಾಗಿ, ಊದಿ, ಮಿಡಿಯುವುದು ಇದೇ ಹೊತ್ತಿನಲ್ಲಿ. ಅದನ್ನು ನಾವು ಗಾಯ ಕೆಟ್ಟಿತು ಎಂದುಕೊಂಡು ಗಾಬರಿಯಾಗುತ್ತೇವೆ. ಮೊದಲ ಎರಡು ದಿನದ ಹಿತಮಿತವಾದ ಊತ ಕೆಲಸ ನಡೆಯುತ್ತಿರುವ ಗುರುತು. ಕೀವು, ಜ್ವರ, ಏರುತ್ತಲೇ ಹೋಗುವ ಕೆಂಪು ಬೇರೆ ಮಾತು. ಅದಕ್ಕೆ ಡಾಕ್ಟರೇ ಆಗಬೇಕು.

ಉರಿಯೂತ ಬೇಕೇ ಬೇಕೆ ಎಂಬುದನ್ನು ತಿಳಿಯಲು 1970ರ ದಶಕದಲ್ಲಿ ಗಿನಿಯಿಲಿಗಳ ಮೇಲೆ ಎರಡು ಪ್ರಯೋಗಗಳು ನಡೆದವು. 1972ರಲ್ಲಿ ಸಿಂಪ್ಸನ್ ಮತ್ತು ರಾಸ್ ನ್ಯೂಟ್ರೊಫಿಲ್‌ಗಳನ್ನು ತೆಗೆದುಹಾಕಿ ನೋಡಿದರು; ಸೋಂಕಿಲ್ಲದ ಗಾಯ ಎಂದಿನಂತೆ ಮಾಯಿತು. 1975ರಲ್ಲಿ ಲೀಬೊವಿಚ್ ಮತ್ತು ರಾಸ್ ಮ್ಯಾಕ್ರೊಫೇಜ್‌ಗಳನ್ನು ಇಲ್ಲವಾಗಿಸಿದಾಗ ಮಾತ್ರ ಗಾಯ ಹಾಗೇ ಉಳಿಯಿತು. ಸತ್ತ ಕಸ ತೆಗೆಯುವವರೂ ಇಲ್ಲ, ಹೊಸ ಅಂಗಾಂಶ ಕಟ್ಟಲು ಕರೆಯುವವರೂ ಇಲ್ಲ. ಮುಂದೆ 2000ದಲ್ಲಿ, ಇಂಟರ್‌ಲ್ಯೂಕಿನ್-6 ತಯಾರಿಸಲಾರದ ಇಲಿಗಳಿಗೆ ಗಾಯ ಮಾಯಲು ಮೂರು ಪಟ್ಟಿನವರೆಗೂ ಹೆಚ್ಚು ಸಮಯ ಹಿಡಿದದ್ದು ವರದಿಯಾಯಿತು. ಉರಿಯೂತದ ಹೆಸರು ಕೆಟ್ಟಿದೆ ನಿಜ, ಆದರೆ ಅದಿಲ್ಲದೆ ಬೆರಳು ಕೂಡುವುದಿಲ್ಲ.

ಚರ್ಮದ ಕೋಶಗಳ ಮೇಲೆ ಈ ಕರೆಗಳ ಪರಿಣಾಮವನ್ನು ನೋಡುವುದೇ ಒಂದು ಸೋಜಿಗ. ಗಾಯದಂಚಿನ ಕೆರಟಿನೊಸೈಟ್ ಹುಟ್ಟಿದಂದಿನಿಂದ ಅಕ್ಕಪಕ್ಕದವರ ಕೈಹಿಡಿದು, ತಳದ ಪೊರೆಗೆ ಅಂಟಿಕೊಂಡು ಕೂತದ್ದು. ಸಂದೇಶ ಬಂದ ಕೆಲವು ಗಂಟೆಗಳಲ್ಲಿ ಅದು ಆ ಬಂಧಗಳನ್ನು ಸಡಿಲಿಸಿ, ತನ್ನೊಳಗಿನ ಕೆರಟಿನ್ ಎಳೆಗಳ ಬಗೆಯನ್ನೇ ಬದಲಾಯಿಸಿ, ಚಪ್ಪಟೆಯಾಗಿ ತೆವಳತೊಡಗುತ್ತದೆ. ಒಣಗಿದ ಹಕ್ಕಳೆ ಅಡ್ಡ ಬಂದರೆ ಅದರಡಿಯಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವ ಸುರಿಸಿ ದಾರಿ ಮಾಡಿಕೊಳ್ಳುತ್ತದೆ. ಹಿಂದಿನ ಸಾಲಿನ ಕೋಶಗಳು ಇಬ್ಭಾಗವಾಗುತ್ತಾ ಸಂಖ್ಯೆ ಹೆಚ್ಚಿಸುತ್ತವೆ. ಇವಕ್ಕೆಲ್ಲ ಬಲ ಬರುವುದು ಒಳಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳಿಂದ. ಮೇಲಿನವು ಇಂಟರ್‌ಲ್ಯೂಕಿನ್-1 ಕಳಿಸುತ್ತವೆ, ಕೆಳಗಿನವು ಅದನ್ನು ಕೇಳಿ ಕೆಜಿಎಫ್ ಎಂಬ ಬೆಳವಣಿಗೆಯ ಅಂಶವನ್ನು ಮೇಲಕ್ಕೆ ಕಳಿಸುತ್ತವೆ. ಈ ಕೆಜಿಎಫ್ ಪತ್ತೆಯಾದದ್ದು 1989ರಲ್ಲಿ. ಇಲಿಯ ಚರ್ಮಕ್ಕೆ ಗಾಯ ಮಾಡಿ ಒಂದು ದಿನದೊಳಗೆ ಅಳೆದರೆ ಅದರ ವಂಶವಾಹಿಯ ಚಟುವಟಿಕೆ 160 ಪಟ್ಟಿಗೂ ಮೀರಿ ಏರಿರುತ್ತದೆ ಎಂದು ಸಬೀನ್ ವರ್ನರ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದರು. ಮೇಲಿನವರಿಗೂ ಕೆಳಗಿನವರಿಗೂ ನಡೆಯುವ ಈ ಮಾತುಕತೆಯನ್ನು ನೆನಪಿಟ್ಟುಕೊಳ್ಳಿ. ಅಡಿಕೆಯ ವಿಚಾರ ಇಲ್ಲೇ ಬಂದು ನಿಲ್ಲುತ್ತದೆ.

ಕಾಫಿಪುಡಿಯ ಬಗ್ಗೆ ಒಂದು ಮಾತು. ಅದು ರಕ್ತ ಹೀರಿ ಕಟ್ಟಿಕೊಳ್ಳುತ್ತದೆ, ಹಾಗಾಗಿ ನಿಂತಂತೆ ಕಾಣುತ್ತದೆ. ಆದರೆ ಗಾಯ ಒಣಗಿದಷ್ಟೂ ಒಳ್ಳೆಯದು ಎಂಬ ನಮ್ಮ ನಂಬಿಕೆಯನ್ನು ಜಾರ್ಜ್ ವಿಂಟರ್ 1962ರಲ್ಲೇ ಬುಡಮೇಲು ಮಾಡಿದ್ದಾರೆ. ಹಂದಿಗಳ ಮೈಮೇಲೆ ಕೆಲವು ಗಾಯಗಳನ್ನು ಗಾಳಿಗೆ ಬಿಟ್ಟು, ಕೆಲವನ್ನು ತೆಳು ಹಾಳೆಯಿಂದ ಮುಚ್ಚಿ ತೇವ ಉಳಿಸಿದರು. ತೇವದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ತೆವಳುವ ಕೋಶಕ್ಕೂ ಅದನ್ನು ಕರೆಯುವ ಸೈಟೊಕೈನಿಗೂ ತೇವದ ನೆಲವೇ ಬೇಕು. ಶುದ್ಧ ನೀರಲ್ಲಿ ತೊಳೆದು ಶುಭ್ರವಾಗಿ ಮುಚ್ಚಿದರೆ ಸಾಕು; ಧನುರ್ವಾಯುವಿನ ಚುಚ್ಚುಮದ್ದಿನ ಲೆಕ್ಕ ಮರೆಯಬಾರದು. ಕಾಫಿಪುಡಿ ಕಾಫಿಗೇ ಇರಲಿ.

ಕಮ್ಯುನಿಸ್ಟ್ ಗಿಡದ ಮಾತು ಸ್ವಲ್ಪ ಬೇರೆ. ಅಮೆರಿಕ ಖಂಡದಿಂದ ಬಂದು ನಮ್ಮ ಗುಡ್ಡಗಳನ್ನೆಲ್ಲ ಆಕ್ರಮಿಸಿದ ಈ ಕಳೆಯನ್ನು ವಿಯೆಟ್ನಾಮಿನಲ್ಲಿ ಸುಟ್ಟ ಗಾಯಕ್ಕೂ ಮಾಯದ ಹುಣ್ಣಿಗೂ ಔಷಧವಾಗಿ ಬಳಸಿದ್ದಾರೆ. ಅದರ ಫೀನಾಲಿಕ್ ಅಂಶಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮದ ಕೋಶಗಳನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯುತ್ತವೆ ಎಂಬ ವರದಿ 2001ರಲ್ಲಿ ಬಂತು. ಹಾಗೆಂದು ಮಣ್ಣು ಹತ್ತಿದ ಎಲೆಯನ್ನು ಹಸಿ ಗಾಯದ ಮೇಲೆ ಹಿಂಡಿ ಎಂದು ಯಾರೂ ಹೇಳಲಾರರು.

ಅರಿಶಿನದ ಜಗಳ ಎಲ್ಲರಿಗೂ ಗೊತ್ತಿರುವುದೇ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು, ನಮ್ಮ ಸಿಎಸ್‌ಐಆರ್ ಆಕ್ಷೇಪಿಸಿತು, 1997ರಲ್ಲಿ ಅದು ರದ್ದಾಯಿತು. ಗೆದ್ದದ್ದು ಹಳಮೆಯ ವಾದ. ಎಷ್ಟು ಹಚ್ಚಿದರೆ ಎಷ್ಟು ಉಪಯೋಗ ಎಂಬ ಪ್ರಶ್ನೆಯನ್ನು ಆ ಪೇಟೆಂಟ್ ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ.

ಗಾಯ ಮಾಯುವುದರಲ್ಲಿ ಶುರು ಮಾಡುವುದಕ್ಕಿಂತ ಕಷ್ಟದ ಕೆಲಸ ನಿಲ್ಲಿಸುವುದು. ತನ್ನ ಕೆಲಸ ಮುಗಿಸಿ ಸತ್ತ ನ್ಯೂಟ್ರೊಫಿಲ್‌ಗಳನ್ನು ಮ್ಯಾಕ್ರೊಫೇಜ್ ನುಂಗುತ್ತದೆ. ನುಂಗಿದ ಮೇಲೆ ಅದರ ಸ್ವಭಾವವೇ ಬದಲಾಗುತ್ತದೆ. ಅದುವರೆಗೆ ಉರಿ ಏರಿಸುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಸುರಿಸುತ್ತಿದ್ದದ್ದು ಈಗ ಇಂಟರ್‌ಲ್ಯೂಕಿನ್-10, ಟಿಜಿಎಫ್-ಬೀಟಾ ಕಡೆಗೆ ಹೊರಳುತ್ತದೆ. ಉರಿ ತಗ್ಗುತ್ತದೆ, ಹೊಸ ರಕ್ತನಾಳ ಚಿಗುರುತ್ತದೆ, ಕೊಲ್ಲಾಜೆನ್ ಎಂಬ ನಾರು ಕಟ್ಟತೊಡಗುತ್ತದೆ.

ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಈ ಹೊರಳು ಸರಿಯಾಗಿ ಆಗುವುದಿಲ್ಲ. ಮ್ಯಾಕ್ರೊಫೇಜ್ ಮೊದಲ ಹಂತದಲ್ಲೇ ಉಳಿದುಬಿಡುತ್ತದೆ, ಟಿಎನ್‌ಎಫ್ ಇಳಿಯುವುದಿಲ್ಲ, ಅಂಗಾಂಶ ಕರಗಿಸುವ ಕಿಣ್ವಗಳು ಅತಿಯಾಗುತ್ತವೆ. ನರ ಜೋಮುಹಿಡಿದು ನೋವೂ ತಿಳಿಯದು, ರಕ್ತವೂ ಸಾಲದು. ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಮಳೆಗಾಲವಿಡೀ ಬರಿಗಾಲಲ್ಲಿ ತೋಟದ ಕೆಸರು ತುಳಿಯುವವರು, ಉಂಬಳ ಕಚ್ಚಿದ್ದನ್ನು ಕೆರೆದು ಹುಣ್ಣು ಮಾಡಿಕೊಳ್ಳುವವರು ಇರುವ ಸೀಮೆಯಲ್ಲಿ ಈ ಅಂಕಿಯನ್ನು ಬೇರೆಯೇ ಕಣ್ಣಿನಿಂದ ಓದಬೇಕಾಗುತ್ತದೆ. ಪಿಡಿಜಿಎಫ್‌ನ ಮುಲಾಮಿಗೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿತು. ಅದರಿಂದ ಕೆಲವರಿಗೆ ಉಪಯೋಗವಾಗಿದೆ. ಆದರೆ ಕಿಣ್ವಗಳು ತುಂಬಿದ ಹುಣ್ಣಿನಲ್ಲಿ ಹೊರಗಿನಿಂದ ಹಚ್ಚಿದ ಪ್ರೋಟೀನು ಹೆಚ್ಚು ಹೊತ್ತು ಉಳಿಯುವುದಿಲ್ಲ. ಸಕ್ಕರೆ ಹತೋಟಿ, ಕಾಲಿನ ಮೇಲಿನ ಭಾರ ಇಳಿಸುವುದು, ಸತ್ತ ಚರ್ಮ ಕತ್ತರಿಸಿ ತೆಗೆಯುವುದು, ಈ ಹಳೆಯ ಕೆಲಸಗಳೇ ಇಂದಿಗೂ ಮೊದಲ ಚಿಕಿತ್ಸೆ.

ಮನಸ್ಸಿನ ಪಾಲೂ ಇದೆ. 1995ರಲ್ಲಿ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದವರು, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನಲ್ಲಿ 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿ ಕಾದರು. ಅಂಥ ಹೊರೆಯಿಲ್ಲದವರಿಗಿಂತ ಇವರ ಗಾಯ ಮಾಯಲು ಒಂಬತ್ತು ದಿನ ಹೆಚ್ಚು ಬೇಕಾಯಿತು. ಇವರ ರಕ್ತದ ಬಿಳಿಕಣಗಳು ಇಂಟರ್‌ಲ್ಯೂಕಿನ್-1ನ್ನೂ ಕಡಿಮೆ ಹುಟ್ಟಿಸುತ್ತಿದ್ದವು. ಮಕ್ಕಳು ಬೆಂಗಳೂರು ಸೇರಿ, ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬಳೇ ಸೊಸೆ ನೋಡಿಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ.

ಇನ್ನು ಟಿಜಿಎಫ್-ಬೀಟಾ. ಫೈಬ್ರೊಬ್ಲಾಸ್ಟನ್ನು ಕುಗ್ಗುವ, ಎಳೆಯುವ, ಕೊಲ್ಲಾಜೆನ್ ಸುರಿಯುವ ಕೋಶವನ್ನಾಗಿ ಮಾಡುವುದು ಮುಖ್ಯವಾಗಿ ಇದೇ. ಗಾಯದ ತುಟಿಗಳು ಹತ್ತಿರ ಬರುವುದು, ಕಲೆ ಉಳಿಯುವುದು ಎರಡೂ ಇದರ ಕೆಲಸ. ಗರ್ಭದಲ್ಲಿರುವ ಶಿಶುವಿನ ಚರ್ಮ ಮೊದಲ ತಿಂಗಳುಗಳಲ್ಲಿ ಕಲೆಯಿಲ್ಲದೆ ಮಾಯುತ್ತದೆ. ಅಲ್ಲಿ ಉರಿಯೂತ ಕಡಿಮೆ, ಟಿಜಿಎಫ್-ಬೀಟಾದ ಮೂರನೇ ಬಗೆ ಹೆಚ್ಚು. ಇದನ್ನೇ ಹಿಡಿದು ಬ್ರಿಟನ್ನಿನ ರೆನೊವೊ ಕಂಪನಿ ಕಲೆ ತಡೆಯುವ ಚುಚ್ಚುಮದ್ದು ತಯಾರಿಸಿತು. 2011ರಲ್ಲಿ ದೊಡ್ಡ ಪರೀಕ್ಷೆಯಲ್ಲಿ ಅದು ಬಿದ್ದುಹೋಯಿತು. ಒಂದೇ ಸಂದೇಶವನ್ನು ಬದಲಾಯಿಸಿ ಇಡೀ ಸಂಭಾಷಣೆಯನ್ನು ತಿದ್ದಲು ಹೊರಟವರಿಗೆ ಇಂಥ ಸೋಲು ಹೊಸತಲ್ಲ.

ಈಗ ದವಡೆಯ ಅಡಿಕೆ. 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಭಾರತೀಯ ಹೆಂಗಸರಲ್ಲಿ ವಿಚಿತ್ರ ಕಾಯಿಲೆ ಕಂಡರು. ಬಾಯಿಯ ಒಳಪದರ ಬಿಳಿಚಿ, ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗಿತ್ತು. ಮರುವರ್ಷ ಮುಂಬೈಯ ಡಾ. ಎಸ್.ಜಿ. ಜೋಶಿ ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಕರೆದರು. ಖಾರ ತಾಗದು, ನಾಲಿಗೆ ಚಾಚಲಾಗದು, ಕೆನ್ನೆಯ ಒಳಗೆ ನಾರಿನಂಥ ಪಟ್ಟಿಗಳು. ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ಮಂದಿಯನ್ನು 17 ವರ್ಷ ಗಮನಿಸಿದಾಗ ಐವರಿಗೆ, ಅಂದರೆ ಶೇ 7.6ರಷ್ಟು ಮಂದಿಗೆ, ಬಾಯಿಯ ಕ್ಯಾನ್ಸರ್ ಬಂತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಪಾತೂರು ಕೊಂಡಯ್ಯ ಅವರ ತಂಡ ಈ ನಾರು ಹೇಗೆ ಹುಟ್ಟುತ್ತದೆ ಎಂದು ಹುಡುಕಿತು. ಅವರು ಬಳಸಿದ್ದು ಹಾಕ್ಯಾಟ್ ಎಂಬ ಕೋಶಗಳನ್ನು. ಇವು 1988ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಮನುಷ್ಯನ ಚರ್ಮದಿಂದ ಬೆಳೆಸಿದ ಕೆರಟಿನೊಸೈಟ್‌ಗಳು, ಅಂದರೆ ನಮ್ಮ ಹೆಬ್ಬೆರಳಿನ ಗಾಯದಂಚಿನಲ್ಲಿ ತೆವಳುವವುಗಳ ಬಳಗವೇ. ಅವುಗಳ ಮೇಲೆ ಅಡಿಕೆಯ ಸಾರ ಹಾಕಿದಾಗ ಟಿಜಿಎಫ್-ಬೀಟಾದ ದಾರಿ ಚಾಲೂ ಆಯಿತು ಎಂದು 2012ರಲ್ಲಿ ವರದಿ ಮಾಡಿದರು. ಅಡಿಕೆಯ ಅರೆಕೋಲಿನ್‌ನಂಥ ಆಲ್ಕಲಾಯ್ಡುಗಳಿಗೂ ಚೊಗರಿಗೆ ಬಣ್ಣ ಕೊಡುವ ಟ್ಯಾನಿನ್ ಬಳಗದ ಅಂಶಗಳಿಗೂ ಇದರಲ್ಲಿ ಪಾಲಿತ್ತು. 2015ರ ಇನ್ನೊಂದು ವರದಿಯಲ್ಲಿ, ಅಡಿಕೆ ಸೋಕಿದ ಈ ಕೋಶಗಳು ಬೆಳೆದಿದ್ದ ದ್ರವವನ್ನು ಫೈಬ್ರೊಬ್ಲಾಸ್ಟ್‌ಗಳಿಗೆ ಹಾಕಿ ನೋಡಿದರು. ಅವು ಗಾಯ ಕಂಡವರಂತೆ ಎದ್ದು ಕೆಲಸಕ್ಕೆ ನಿಂತವು. ಟಿಜಿಎಫ್-ಬೀಟಾವನ್ನು ತಡೆದರೆ ಆ ಉತ್ಸಾಹ ಇಳಿಯಿತು.

ಬಾಯಲ್ಲಿ ಹೇಳಿಕೊಳ್ಳುವಂಥ ಗಾಯವಿಲ್ಲ. ಆದರೂ ಮೇಲಿನ ಪದರದ ಕೋಶಗಳು ಗಾಯದ ಸುದ್ದಿ ಕಳಿಸುತ್ತಲೇ ಇರುತ್ತವೆ, ಕೆಳಗಿನವು ಕೊಲ್ಲಾಜೆನ್ ಕಟ್ಟುತ್ತಲೇ ಇರುತ್ತವೆ. ದಿನಕ್ಕೆ ಎಷ್ಟು ಸಲ ಅಡಿಕೆ ಬಾಯಿಗೆ ಬೀಳುತ್ತದೋ ಅಷ್ಟು ಸಲ.

ಇದರ ಮಗ್ಗುಲಲ್ಲೇ ಇನ್ನೊಂದು ಸಂಗತಿ ಇಡಬೇಕು. ಮಣಿಪಾಲದ ಸಂಶೋಧಕರು ಅಡಿಕೆಯ ಸಾರವನ್ನು ಇಲಿಗಳ ಗಾಯದ ಮೇಲೆ ಪರೀಕ್ಷಿಸಿದ್ದಾರೆ. 1994ರಲ್ಲೂ 2007ರಲ್ಲೂ ಪ್ರಕಟವಾದ ಫಲಿತಾಂಶಗಳಲ್ಲಿ ಅಡಿಕೆ ಗಾಯ ಮಾಯುವುದಕ್ಕೆ ನೆರವಾಯಿತು. ಅಡಿಕೆ ಬೆಳೆಗಾರರ ಸಭೆಗಳಲ್ಲಿ ಅಡಿಕೆಯ ಔಷಧೀಯ ಗುಣದ ಮಾತು ಬಂದೇ ಬರುತ್ತದೆ. ಅದು ಸುಳ್ಳೆಂದು ತಳ್ಳಿಹಾಕುವ ಹಾಗಿಲ್ಲ. ಆದರೆ ಅದೇ ಗುಣವನ್ನು ಗಾಯವಿಲ್ಲದ ಜಾಗದಲ್ಲಿ ಹತ್ತಿಪ್ಪತ್ತು ವರ್ಷ ಒತ್ತಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಿಗಿದ ಬಾಯಿಗಳೇ ಉತ್ತರ ಕೊಡುತ್ತಿವೆ. ಅಡಿಕೆ ವಿಷ ಎನ್ನುವವರೂ ಔಷಧ ಎನ್ನುವವರೂ ಒಂದೇ ಪ್ರೋಟೀನಿನ ಎರಡು ಕಡೆ ನಿಂತು ಜಗಳವಾಡುತ್ತಿದ್ದಾರೆ ಎಂದು ನನಗನಿಸುತ್ತದೆ.

ತಾಮ್ರದ ಎಳೆಯೂ ಇದೆ. ಕೊಲ್ಲಾಜೆನ್ ಎಳೆಗಳನ್ನು ಒಂದಕ್ಕೊಂದು ಹೊಲಿಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ತಾಮ್ರ ಬೇಕು. ಅಡಿಕೆಯಲ್ಲಿ ತಾಮ್ರ ಸಾಕಷ್ಟಿದೆ, ಜಗಿದಾಗ ಅದು ಜೊಲ್ಲಿಗೆ ಬಿಡುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮಲೆನಾಡಿನಲ್ಲಿ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು 1910ರ ಸುಮಾರಿಗೆ ಕಲಿಸಿದವರು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್. ಮೈಲುತುತ್ತ ಎಂದರೆ ತಾಮ್ರದ ಲವಣ. ಸಿಂಪಡಿಸಿದ್ದರಲ್ಲಿ ಎಷ್ಟು ಸಿಪ್ಪೆ ದಾಟಿ ಅಡಿಕೆಗೆ ಇಳಿಯುತ್ತದೆ ಎಂಬ ಪ್ರಶ್ನೆಯನ್ನು ದಂತವೈದ್ಯರು ಎತ್ತಿದ್ದಾರೆ. ಆ ದ್ರಾವಣವಿಲ್ಲದೆ ಜೂನ್–ಜುಲೈ ಮಳೆಯಲ್ಲಿ ಕೊನೆ ಉಳಿಯುವುದಿಲ್ಲ ಎಂಬುದೂ ಅಷ್ಟೇ ನಿಜ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1985ರಲ್ಲಿ, ಹೊಗೆಸೊಪ್ಪಿಲ್ಲದ ಅಡಿಕೆಯ ವಿರುದ್ಧ ಪುರಾವೆ ಸಾಲದು ಎಂದಿತ್ತು. 2004ರ ವರದಿಯಲ್ಲಿ ಅಡಿಕೆಯನ್ನೇ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪಿಗೆ ಸೇರಿಸಿತು. ಮನೆಯ ಹರಿವಾಣದಲ್ಲಿ ಊಟವಾದ ಮೇಲೆ ಹಾಕುವ ಒಂದು ಕವಳಕ್ಕೂ, ಹದಿನೆಂಟರ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ದಿನವಿಡೀ ಹರಿದು ಸುರಿದುಕೊಳ್ಳುವ ಪೊಟ್ಟಣಗಳಿಗೂ ಅಂತರವಿದೆ; ಮೇಲಿನ ಲೆಕ್ಕವೆಲ್ಲ ಎಷ್ಟು, ಎಷ್ಟು ಹೊತ್ತು, ಎಷ್ಟು ವರ್ಷ ಎಂಬುದರ ಮೇಲೆ ನಿಂತಿದೆ. 2013ರ ಮೇ ತಿಂಗಳಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯದ್ದೊಂದು, ತಂಬಾಕಿನದ್ದೊಂದು ಎಂದು ಎರಡು ಪೊಟ್ಟಣ ಬಂದವು. ನಿಷೇಧವಾದದ್ದು ಬೆರಕೆ ಮಾತ್ರ, ಬೆರಸುವ ಕೆಲಸ ಗಿರಾಕಿಗೆ ಬಂತು. ಅಡಿಕೆಯ ಧಾರಣೆ ಏರಿದಾಗ ಹಿಗ್ಗುವ ನಮ್ಮ ಊರುಗಳು ಆ ಅಡಿಕೆ ಕೊನೆಗೆ ಯಾರ ಬಾಯಿ ಸೇರುತ್ತದೆ ಎಂದು ಕೇಳಿಕೊಳ್ಳುವುದು ಕಡಿಮೆ. ಕೇಳಿದರೆ ಸಾಲ ತೀರುವುದಿಲ್ಲ, ಹಳದಿ ಎಲೆ ರೋಗ ಬಂದ ತೋಟ ಹಸಿರಾಗುವುದಿಲ್ಲ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಬಿಗಿದ ಬಾಯಿಗೆ ಚಿಕಿತ್ಸೆ ಇದೆ. ಸ್ಟೀರಾಯ್ಡ್ ಮತ್ತು ಹಯಲುರೊನಿಡೇಸ್ ಚುಚ್ಚುಮದ್ದು ಕೊಡುತ್ತಾರೆ, ಬಾಯಿ ಹಿಗ್ಗಿಸುವ ವ್ಯಾಯಾಮ ಹೇಳಿಕೊಡುತ್ತಾರೆ, ತೀರ ಬಿಗಿದರೆ ಶಸ್ತ್ರಚಿಕಿತ್ಸೆ. 2001ರಲ್ಲಿ ಲಂಡನ್ನಿನ ವೈದ್ಯರು ಇಂಟರ್‌ಫೆರಾನ್-ಗಾಮಾ ಎಂಬ ಇನ್ನೊಂದು ಸೈಟೊಕೈನನ್ನೇ ಚುಚ್ಚಿ, ಕೆಲವರ ಬಾಯಿ ಮೊದಲಿಗಿಂತ ಹೆಚ್ಚು ತೆರೆದದ್ದನ್ನು ವರದಿ ಮಾಡಿದರು. ಅದು ಎಲ್ಲ ಕಡೆ ಸಿಗುವ ಚಿಕಿತ್ಸೆಯಾಗಿಲ್ಲ. ಅಡಿಕೆ ಬಿಟ್ಟರೆ ಕಾಯಿಲೆ ಮುಂದುವರಿಯುವ ವೇಗ ತಗ್ಗಬಹುದು, ಕಟ್ಟಿದ ನಾರು ತಾನಾಗಿ ಕರಗುವುದಿಲ್ಲ. ಹಾಗಾಗಿ ಬೇಗ ಗೊತ್ತಾಗುವುದೇ ಮುಖ್ಯ. ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಮೂರೂ ಹೋದರೆ ಸಾಮಾನ್ಯವಾಗಿ ಸರಿ. ಅಡಿಕೆ ಹಾಕುವವರಿಗೆ ಎರಡೇ ಹೋಗುತ್ತಿದ್ದರೆ, ಸಾರು ಊಟ ಬಾಯಿಗೆ ಉರಿಯುತ್ತಿದ್ದರೆ, ಹಲ್ಲು ನೋವಿಲ್ಲದಿದ್ದರೂ ದಂತವೈದ್ಯರ ಹತ್ತಿರ ಹೋಗಬೇಕು.